ಕಂಪ್ಯೂಟರಿನ ಕುಗ್ಗಿದ ದನಿ: ಡ್ರೈವರ್, ಮಿಕ್ಸರ್, ವಾಲ್ಯೂಮ್

ವಾಲ್ಯೂಮನ್ನು ಪೂರ್ತಿ ಏರಿಸಿದ ಮೇಲೂ ಕಂಪ್ಯೂಟರಿನ ಹಾಡು, ಮಾತು, ಕರೆಗಳು ಕ್ಷೀಣವಾಗಿಯೇ ಕೇಳಿಸುವುದು ಗಣಕ ಬಳಕೆದಾರರ ಹಳೆಯ ದೂರುಗಳಲ್ಲೊಂದು. ಸದ್ದು ಪೂರ್ತಿ ನಿಂತುಹೋದರೆ ಎಲ್ಲೋ ಏನೋ ಕಡಿದಿದೆ ಎಂದಾದರೂ ತಿಳಿಯುತ್ತದೆ. ಅರೆಬರೆ ಸದ್ದಿನ ಕಾಟ ಬೇರೆ. ಎಲ್ಲ ಭಾಗಗಳೂ ಕೆಲಸ ಮಾಡುತ್ತಿರುತ್ತವೆ, ಆದರೆ ಅವುಗಳಲ್ಲಿ ಒಂದು ಸದ್ದನ್ನು ತಡೆದು ಸಣ್ಣದಾಗಿ ಬಿಡುತ್ತಿರುತ್ತದೆ. ಆ ಒಂದನ್ನು ಹುಡುಕಬೇಕಾದ ಮೊದಲ ಜಾಗ ಸ್ಪೀಕರ್ ಅಲ್ಲ, ಧ್ವನಿ ಚಿಪ್ಪನ್ನು ನಡೆಸುವ ತಂತ್ರಾಂಶವಾದ ಸೌಂಡ್ ಡ್ರೈವರ್ ನಮ್ಮ ಮುಂದಿಡುವ ಮಿಕ್ಸರ್, ಅಂದರೆ ಸದ್ದಿನ ಮಟ್ಟಗಳನ್ನು ಹೊಂದಿಸುವ ಸ್ಲೈಡರುಗಳ ಸಾಲು.

ಮುಂಬಯಿಯ ಈಶಾನ್ಯ ಅಂಚಿನಲ್ಲಿ ಠಾಣೆಗೆ ತಾಗಿಕೊಂಡಿರುವ ಮುಲುಂಡ್‌ನಂಥ ಉಪನಗರದಲ್ಲಿ ಈ ದೂರಿಗೆ ಇನ್ನೊಂದು ಮುಖವೂ ಇದೆ. ಒಂದು ಕಡೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗ, ಇನ್ನೊಂದು ಕಡೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ, ನಡುವೆ ಮಧ್ಯ ರೈಲ್ವೆಯ ಹಳಿ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಸ್ತೆಗೆ ಮುಖಮಾಡಿದ ಮನೆಯಲ್ಲಿ ಕಿಟಕಿ ತೆರೆದರೆ ಆ ಮಿತಿಯನ್ನು ಯಾರು ಕೇಳುತ್ತಾರೆ! ಹೊರಗಿನ ಗದ್ದಲ ಏರಿದಷ್ಟೂ ಒಳಗಿನ ಸ್ಪೀಕರಿನ ಮಾತು ಅದರಡಿ ಮುಚ್ಚಿಹೋಗುತ್ತದೆ. ಹಾಗಾಗಿ ಯಾವ ಪರೀಕ್ಷೆಗೂ ಮುಂಚೆ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮತ್ತೊಮ್ಮೆ ಕೇಳಿ ನೋಡುವುದು ಒಳ್ಳೆಯದು. ಖರ್ಚಿಲ್ಲದ ಈ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದಿಲ್ಲ.

ಸದ್ದು ಸಾಗುವ ದಾರಿ

ಮುಂಬಯಿಯ ಕಟ್ಟಡಗಳಲ್ಲಿ ಪಾಲಿಕೆಯ ನೀರು ರಸ್ತೆಯ ವಾಲ್ವ್, ನೆಲದಡಿಯ ಟಾಕಿ, ಪಂಪು, ಮಹಡಿ ಮೇಲಿನ ಟಾಕಿ, ಮನೆಯ ವಾಲ್ವ್ ಇಷ್ಟನ್ನೂ ದಾಟಿ ನಲ್ಲಿಗೆ ಬರುತ್ತದೆ. ಯಾವುದೊಂದು ಅರ್ಧ ಮುಚ್ಚಿದ್ದರೂ ನಲ್ಲಿಯನ್ನು ಎಷ್ಟು ತಿರುಗಿಸಿದರೂ ಧಾರೆ ಸಣ್ಣದೇ. ಕಂಪ್ಯೂಟರಿನ ಸದ್ದಿನದೂ ಇದೇ ಕಥೆ. ಹಾಡು ನುಡಿಸುವ ತಂತ್ರಾಂಶದ ಸ್ಲೈಡರ್ ಮೊದಲನೆಯದು. ಆಮೇಲೆ ಕಾರ್ಯಾಚರಣೆ ವ್ಯವಸ್ಥೆ ಆ ತಂತ್ರಾಂಶಕ್ಕೆಂದು ಇಟ್ಟಿರುವ ಮಟ್ಟ, ಅದರ ಮೇಲೆ ಇಡೀ ಸಾಧನದ ಮಟ್ಟ. ಮುಂದೆ ಡ್ರೈವರಿನ ಕೈಯಲ್ಲಿರುವ ಚಿಪ್ಪಿನ ಒಳಗಿನ ತಿರುಗುಣಿಗಳು. ಕೊನೆಗೆ ಆಂಪ್ಲಿಫೈಯರ್, ಸ್ಪೀಕರ್.

ಈ ಮಟ್ಟಗಳು ಒಂದರ ಮೇಲೊಂದು ಗುಣಾಕಾರವಾಗುತ್ತವೆ. ಮೂರು ಕಡೆ ಅಲೆಯ ಎತ್ತರವನ್ನು ಅರ್ಧಕ್ಕಿಳಿಸಿದರೆ ಉಳಿಯುವುದು ಎಂಟನೇ ಒಂದು ಪಾಲು. ಡೆಸಿಬೆಲ್ ಲೆಕ್ಕದಲ್ಲಿ ಗುಣಾಕಾರ ಕೂಡುವಿಕೆಯಾಗುತ್ತದೆ: ಪ್ರತಿ ಅರ್ಧಕ್ಕೆ 6 ಡೆಸಿಬೆಲ್, ಮೂರಕ್ಕೆ 18. ಸುಮಾರು 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ಪರದೆಯ ಮೇಲಿನ ಶೇಕಡಾ ಅಂಕಿ ಮಾತ್ರ ಇದರ ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಲಿನಕ್ಸ್‌ನ ಪಲ್ಸ್‌ಆಡಿಯೋ ಎಂಬ ಧ್ವನಿ ಪದರ ಘನದ (ಕ್ಯೂಬಿಕ್) ಅಳತೆ ಬಳಸುವುದರಿಂದ ಅಲ್ಲಿ ಒಂದೇ ಸ್ಲೈಡರನ್ನು ಶೇ 50ಕ್ಕೆ ಇಳಿಸಿದರೂ ಸದ್ದು 18 ಡೆಸಿಬೆಲ್ ಕುಗ್ಗುತ್ತದೆ. ಬೇರೊಂದು ವ್ಯವಸ್ಥೆಯ ಶೇ 50 ಅಷ್ಟೇ ಕುಗ್ಗಿಸಬೇಕೆಂದಿಲ್ಲ. ಶೇಕಡಾವನ್ನು ನಂಬಬೇಡಿ, ಡೆಸಿಬೆಲ್ ಅಂಕಿ ಸಿಕ್ಕರೆ ಅದನ್ನು ಓದಿ.

ಅನುಭವಿಗಳು ಪಾಲಿಸುವ ಕ್ರಮವೂ ಇದರಿಂದಲೇ ಬಂದದ್ದು. ಅಂಕಿಗಳ ಹಂತದಲ್ಲಿರುವ ಸ್ಲೈಡರುಗಳನ್ನೆಲ್ಲ ಶೂನ್ಯ ಡೆಸಿಬೆಲ್‌ನಲ್ಲಿ, ಅಂದರೆ ಏರಿಳಿತವಿಲ್ಲದ ನೆಲೆಯಲ್ಲಿ ಬಿಟ್ಟು, ತಗ್ಗಿಸುವ ಕೆಲಸವನ್ನು ಕೊನೆಯ ಆಂಪ್ಲಿಫೈಯರಿಗೆ ಒಪ್ಪಿಸುತ್ತಾರೆ. 16 ಬಿಟ್ ಧ್ವನಿಯ ಒಟ್ಟು ವ್ಯಾಪ್ತಿ ಸುಮಾರು 96 ಡೆಸಿಬೆಲ್. ಅಂಕಿಗಳಲ್ಲೇ 6 ಡೆಸಿಬೆಲ್ ಇಳಿಸಿದಾಗಲೆಲ್ಲ ಒಂದು ಬಿಟ್ ಕಳೆದಂತೆ. ಮೊದಲೇ ತಗ್ಗಿಸಿ ಆಮೇಲೆ ಆಂಪ್ಲಿಫೈಯರಿನಲ್ಲಿ ಏರಿಸಿದರೆ ಹಾಡಿನ ಜೊತೆ ಗುಸುಗುಸು ಗದ್ದಲವೂ ಏರುತ್ತದೆ.

ಮಿಕ್ಸರ್ ಚಿಪ್ಪುಗಳು

ಸಿಂಗಾಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ತಂದ ಮೊದಲ ಸೌಂಡ್ ಬ್ಲಾಸ್ಟರ್ ಕಾರ್ಡಿನಲ್ಲಿ ಮಿಕ್ಸರ್ ಚಿಪ್ಪೇ ಇರಲಿಲ್ಲ. ಕಂಪ್ಯೂಟರಿನ ಹಿಂಬದಿಗೆ ಕೈ ಹಾಕಿ ಕಾರ್ಡಿನ ಪುಟ್ಟ ಗಾಲಿಯನ್ನು ತಿರುಗಿಸಬೇಕಿತ್ತು. 1991ರ ಸೌಂಡ್ ಬ್ಲಾಸ್ಟರ್ ಪ್ರೊ ಜೊತೆ ಮಿಕ್ಸರ್ ಚಿಪ್ ಬಂತು, 1992ರ ಸೌಂಡ್ ಬ್ಲಾಸ್ಟರ್ 16ರಲ್ಲಿ ಅದು 2 ಡೆಸಿಬೆಲ್ ಅಂತರದ 32 ಮೆಟ್ಟಿಲುಗಳಿಗೆ ಬೆಳೆಯಿತು. ಆ ಗಾಲಿ ಮಾತ್ರ ಕೆಲ ಕಾಲ ಉಳಿದುಕೊಂಡಿತ್ತು. ಪರದೆಯ ಮೇಲೆ ವಾಲ್ಯೂಮ್ ತುದಿಯಲ್ಲಿದೆ, ಸದ್ದು ಮಾತ್ರ ಇಲ್ಲ ಎಂದಾಗ ಹಿಂದಿನ ಗಾಲಿಯನ್ನು ನೋಡಬೇಕೆಂದು ಆ ಕಾಲದ ರಿಪೇರಿಯವರಿಗೆ ಗೊತ್ತಿತ್ತು.

ಈ ವಿಷಯದ ತಿರುಳು ಇರುವುದು ಇಂಟೆಲ್ 1997ರ ಹೊತ್ತಿಗೆ ರೂಪಿಸಿದ ಎಸಿ97 ಮಾನದಂಡದಲ್ಲಿ. ಬಿಡಿ ಕಾರ್ಡಿನ ಕೆಲಸವನ್ನು ಮದರ್‌ಬೋರ್ಡಿನ ಮೇಲೇ ಒಂದು ಅಗ್ಗದ ಚಿಪ್ಪಿಗೆ ಒಪ್ಪಿಸಿದ ಮಾನದಂಡವಿದು. ಗ್ರಾಂಟ್ ರೋಡ್ ಸ್ಟೇಷನ್ನಿನ ಹೊರಗಿರುವ ಲ್ಯಾಮಿಂಗ್ಟನ್ ರೋಡ್ ಮುಂಬಯಿಯ ಕಂಪ್ಯೂಟರ್ ಬಿಡಿಭಾಗಗಳ ಪೇಟೆ.  ಅಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಯಂತ್ರಗಳ ಒಂದು ಇಡೀ ತಲೆಮಾರು ಈ ಮಾನದಂಡದ್ದು.

ಎಸಿ97 ಚಿಪ್ಪಿನಲ್ಲಿ ಮಾಸ್ಟರ್ ಎಂಬ ನಿಯಂತ್ರಣ ಶೂನ್ಯದಿಂದ ಕೆಳಗೆ ಒಂದೂವರೆ ಡೆಸಿಬೆಲ್ ಮೆಟ್ಟಿಲುಗಳಲ್ಲಿ ಇಳಿಯುತ್ತದೆ. ಕಂಪ್ಯೂಟರ್ ನುಡಿಸುವ ಹಾಡು, ಮಾತುಗಳ ಮಟ್ಟ ಹಿಡಿದಿರುವ ಪಿಸಿಎಂ ಎಂಬ ಇನ್ನೊಂದರ ನೆತ್ತಿ ಮಾತ್ರ ಶೂನ್ಯವಲ್ಲ, ಅಧಿಕ 12 ಡೆಸಿಬೆಲ್. ಬುಡ ಋಣ 34.5. ಒಟ್ಟು 31 ಮೆಟ್ಟಿಲುಗಳಲ್ಲಿ ಶೂನ್ಯದ ನೆಲೆ ಬರುವುದು ಕೆಳಗಿನಿಂದ 23ನೆಯದಕ್ಕೆ, ಅಂದರೆ ಸುಮಾರು ಶೇ 74ಕ್ಕೆ. ಸದ್ದು ಕಮ್ಮಿಯೆಂದು ಪಿಸಿಎಂ ಅನ್ನು ಶೇ 100ಕ್ಕೆ ಒಯ್ದವರಿಗೆ ದನಿ ಒಡೆದು ಕೇಳಿಸುತ್ತಿದ್ದುದರ ಕಾರಣ ಇದೇ. ಸ್ಪೀಕರ್ ಹಾಳಾಗಿದೆಯೆಂದು ಎಷ್ಟು ಮಂದಿ ಹೊಸದು ತಂದರೋ.

ಇನ್ನೂ ವಿಚಿತ್ರವಾದದ್ದು ಆರಂಭದ ಸ್ಥಿತಿ. ವಿದ್ಯುತ್ ಬಂದ ಕ್ಷಣದಲ್ಲಿ ಎಸಿ97 ಚಿಪ್ಪಿನ ಮಾಸ್ಟರ್, ಪಿಸಿಎಂ ಎರಡೂ ಮ್ಯೂಟ್ ಆಗಿರಬೇಕೆಂದು ಮಾನದಂಡವೇ ಹೇಳುತ್ತದೆ. ಅವನ್ನು ತೆರೆಯುವುದು ಡ್ರೈವರಿನ ಹೊಣೆ. ವಿಂಡೋಸ್ ಡ್ರೈವರುಗಳು ಬಳಕೆದಾರನಿಗೆ ತಿಳಿಯದಂತೆ ತೆರೆದುಬಿಡುತ್ತಿದ್ದವು. ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಆಲ್ಸಾ ಬೇರೆ ದಾರಿ ಹಿಡಿಯಿತು.

ಲಿನಕ್ಸ್‌ನ ಮೌನ

ಜಾರೊಸ್ಲಾವ್ ಕೀಸೆಲಾ 1998ರಲ್ಲಿ ಶುರುಮಾಡಿದ ಆಲ್ಸಾ 2003ರ ಡಿಸೆಂಬರಿನಲ್ಲಿ ಬಿಡುಗಡೆಯಾದ 2.6 ಕರ್ನಲ್‌ನೊಂದಿಗೆ ಲಿನಕ್ಸ್‌ನ ಮುಖ್ಯ ಧ್ವನಿ ವ್ಯವಸ್ಥೆಯಾಯಿತು. ಅದಕ್ಕೂ ಮುಂಚೆ ಹನ್ನು ಸಾವೊಲೈನೆನ್ ಬರೆದ ಓಎಸ್‌ಎಸ್ ಇತ್ತು. ಆಲ್ಸಾ ಆರಂಭದ ವರ್ಷಗಳಲ್ಲಿ ಎಲ್ಲ ಚಾನೆಲ್‌ಗಳನ್ನೂ ಮ್ಯೂಟ್ ಆಗಿಯೇ ಬಿಡುತ್ತಿತ್ತು. ಹೊಸಬ ಲಿನಕ್ಸ್ ಹಾಕಿ, ಡ್ರೈವರ್ ಸರಿಯಾಗಿಯೇ ಕೂತಿದ್ದರೂ, ಮೌನದೆದುರು ಕೂರಬೇಕಿತ್ತು. ಒಮ್ಮೆಗೇ ಸ್ಪೀಕರ್ ಒಡೆಯುವಷ್ಟು ಸದ್ದು ಬರಬಾರದೆಂಬ ಎಚ್ಚರ ಅರ್ಥವಾಗುವಂಥದ್ದೇ. ಆದರೆ ಅದರಿಂದ ಲಿನಕ್ಸ್‌ಗೆ ಅಂಟಿದ 'ಸೌಂಡೇ ಬರೋಲ್ಲ' ಎಂಬ ಕೆಟ್ಟ ಹೆಸರು ಬಹಳ ಕಾಲ ಬಿಡಲಿಲ್ಲ.

ಅದನ್ನು ಬಿಡಿಸುವ ಸಲಕರಣೆ ಆಲ್ಸಾಮಿಕ್ಸರ್. ಟರ್ಮಿನಲ್‌ನಲ್ಲಿ ಕಂಬಗಳ ಸಾಲು ಮೂಡುತ್ತದೆ. ಕಂಬದ ಬುಡದಲ್ಲಿ ಎರಡು 'ಎಂ' ಇದ್ದರೆ ಮ್ಯೂಟ್, ಎರಡು 'ಓ' ಇದ್ದರೆ ತೆರೆದಿದೆ. ಎಂ ಕೀಲಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಎಫ್6 ಒತ್ತಿ ಕಾರ್ಡ್ ಆರಿಸಬಹುದು. ಎಚ್‌ಡಿಎಂಐ ಒಂದು ಕಾರ್ಡಾಗಿ, ಮದರ್‌ಬೋರ್ಡಿನ ಚಿಪ್ ಇನ್ನೊಂದಾಗಿ ಕಾಣಿಸುವ ಯಂತ್ರಗಳಲ್ಲಿ ತಪ್ಪು ಕಾರ್ಡಿನ ಕಂಬ ಏರಿಸುತ್ತ ಕೂತವರು ಕಡಿಮೆಯಿಲ್ಲ. ಸರಿಮಾಡಿದ್ದನ್ನು ಉಳಿಸಲು ಆಲ್ಸಾಕಂಟ್ರೋಲ್‌ನ ಸ್ಟೋರ್ ಆದೇಶವಿದೆ. ಒಂದೇ ಕಂಬಕ್ಕೆ ಆಲ್ಸಾಮಿಕ್ಸರ್ ಒಂದು ಶೇಕಡಾ, ಅದರ ತಮ್ಮನಾದ ಎಮಿಕ್ಸರ್ ಇನ್ನೊಂದು ಶೇಕಡಾ ತೋರಿಸಿದರೆ ಗಾಬರಿ ಬೇಡ. ಮೊದಲನೆಯದು ಕಿವಿಯ ಅಳತೆಗೆ ಹತ್ತಿರದ ಗೆರೆ ಬಳಸುತ್ತದೆ, ಎರಡನೆಯದು ಚಿಪ್ಪಿನ ಮೆಟ್ಟಿಲುಗಳನ್ನು ನೇರವಾಗಿ ಎಣಿಸುತ್ತದೆ.

2004ರಲ್ಲಿ ಎಸಿ97ರ ಜಾಗಕ್ಕೆ ಇಂಟೆಲ್‌ನ ಹೈ ಡೆಫಿನಿಷನ್ ಆಡಿಯೋ ಬಂತು. ಮಿಕ್ಸರಿನಲ್ಲಿ ಹೆಸರುಗಳು ಹಳೆಯವೇ ಉಳಿದರೂ ಅರ್ಥ ಬದಲಾಯಿತು. ಹೊಸ ಚಿಪ್ಪುಗಳಲ್ಲಿ ಪಿಸಿಎಂ ಕಂಬ ಹೆಚ್ಚಾಗಿ ಚಿಪ್ಪಿನ ತಿರುಗುಣಿಯಲ್ಲ. ಆಲ್ಸಾ ಅಂಕಿಗಳ ಮೇಲೆ ಮಾಡುವ ಬರೀ ಗುಣಾಕಾರ, ನೆತ್ತಿ ಶೂನ್ಯ, ಬುಡ ಋಣ 51 ಡೆಸಿಬೆಲ್. ಹಳೆಯ ಯಂತ್ರದಲ್ಲಿ ಶೇ 74 ದಾಟಬಾರದೆಂದು ಕಲಿತವನು ಹೊಸದರಲ್ಲೂ ಅಲ್ಲೇ ನಿಲ್ಲಿಸಿದರೆ ಸುಮ್ಮನೆ ಸದ್ದು ಕಳೆದುಕೊಳ್ಳುತ್ತಾನೆ. ಯಾವ ಕಂಬ ಚಿಪ್ಪಿನದು, ಯಾವುದು ಲೆಕ್ಕದ್ದು ಎಂದು ತಿಳಿದರೆ ಅರ್ಧ ರಿಪೇರಿ ಮುಗಿದಂತೆ.

ಆಲ್ಸಾದ ಮೇಲೆ ಇನ್ನೊಂದು ಪದರ. ಲೆನಾರ್ಟ್ ಪೋಟರಿಂಗ್ ಅವರ ಪಲ್ಸ್‌ಆಡಿಯೋ 2007ರಲ್ಲಿ ಫೆಡೋರಾ 8 ಎಂಬ ಲಿನಕ್ಸ್ ಆವೃತ್ತಿಗೆ, ಮರುವರ್ಷ ಉಬುಂಟು 8.04ಕ್ಕೆ ಬಂತು. ವಿಮ್ ಟೇಮನ್ಸ್ ಅವರ ಪೈಪ್‌ವೈರ್ 2021ರ ಫೆಡೋರಾ 34ರಲ್ಲಿ ಅದರ ಜಾಗ ಹಿಡಿಯಿತು. ಪಲ್ಸ್‌ಆಡಿಯೋದ ವಾಲ್ಯೂಮ್ ಕಂಟ್ರೋಲ್ ಕಿಟಕಿಯಲ್ಲಿ ಸ್ಲೈಡರ್ ಶೇ 153ರವರೆಗೆ, ಅಂದರೆ ಅಧಿಕ 11 ಡೆಸಿಬೆಲ್‌ವರೆಗೆ ಹೋಗುತ್ತದೆ. ಕುಗ್ಗಿದ ಧ್ವನಿಮುದ್ರಣಕ್ಕೆ ಇದು ಆಪತ್ಕಾಲದ ನೆಂಟ. ದಿನವೂ ಅಲ್ಲೇ ಇಟ್ಟರೆ ಅಲೆಯ ತಲೆ ಕತ್ತರಿಸಿಹೋಗಿ ದನಿ ಕರ್ಕಶವಾಗುತ್ತದೆ. ಕೆಳಗಿನ ಆಲ್ಸಾ ಪದರದಲ್ಲಿ ಹೆಡ್‌ಫೋನ್ ಅಥವಾ ಸ್ಪೀಕರ್ ಕಂಬ ತಗ್ಗಿಯೇ ಉಳಿದು, ಮೇಲಿನ ಪದರ ಶೇ 100 ಎಂದು ಹೇಳುತ್ತಿರುವುದು ಲಿನಕ್ಸ್‌ನಲ್ಲಿ ಇಂದಿಗೂ ಮತ್ತೆ ಮತ್ತೆ ಸಿಗುವ ಕಾರಣ.

ವಿಂಡೋಸ್

ಎಕ್ಸ್‌ಪಿ ಕಾಲದ ವಾಲ್ಯೂಮ್ ಕಿಟಕಿಯಲ್ಲಿ ಮಾಸ್ಟರ್ ಪಕ್ಕದಲ್ಲಿ ವೇವ್, ಸಿಂಥ್, ಸಿಡಿ, ಲೈನ್ ಇನ್ ಎಂದು ಚಿಪ್ಪಿನ ಒಳದಾರಿಗಳೇ ಸಾಲಾಗಿ ನಿಂತಿದ್ದವು. ಹಾಡು ಕಮ್ಮಿಯಾದರೆ ವೇವ್ ನೋಡು ಎಂಬುದು ಆಗಿನ ಮೊದಲ ಪಾಠ. 2007ರಲ್ಲಿ ಪೇಟೆಗೆ ಬಂದ ವಿಸ್ಟಾ ಇದನ್ನೆಲ್ಲ ಕಿತ್ತು ಪ್ರತಿ ತಂತ್ರಾಂಶಕ್ಕೂ ಬೇರೆ ಸ್ಲೈಡರ್ ಕೊಟ್ಟಿತು. ಅಂದಿನಿಂದ ಬ್ರೌಸರ್ ಮಾತ್ರ ಪಿಸುಗುಡುತ್ತದೆ, ಉಳಿದದ್ದೆಲ್ಲ ಸರಿ ಎಂಬ ದೂರು ಹುಟ್ಟಿತು. ವಾಲ್ಯೂಮ್ ಮಿಕ್ಸರ್ ತೆರೆದರೆ ಅದಕ್ಕೆ ಉತ್ತರ ಸಿಗುತ್ತದೆ.

ವಿಂಡೋಸ್ 7 ತಂದ ಇನ್ನೊಂದು ಏರ್ಪಾಡು ಹೆಚ್ಚು ಕಾಡುತ್ತದೆ. ಕರೆ ಬಂದಾಗ ಉಳಿದ ಸದ್ದುಗಳನ್ನು ಶೇ 80ರಷ್ಟು ತಗ್ಗಿಸುವುದು ಅದರ ಪೂರ್ವನಿಯೋಜಿತ ನಡೆ. ಮೀಟಿಂಗ್ ತಂತ್ರಾಂಶ ಹಿನ್ನೆಲೆಯಲ್ಲಿ ಮೈಕನ್ನು ಹಿಡಿದುಕೊಂಡೇ ಉಳಿದರೆ ಹಾಡು ತಗ್ಗಿಯೇ ಇರುತ್ತದೆ. ಧ್ವನಿ ಸೆಟ್ಟಿಂಗಿನ ಕಮ್ಯುನಿಕೇಶನ್ಸ್ ಪುಟದಲ್ಲಿ 'ಏನೂ ಮಾಡಬೇಡ' ಎಂಬುದನ್ನು ಆರಿಸಿದರೆ ಸಾಕು.

ದೃಷ್ಟಿಯಿಲ್ಲದವರಿಗೆ ಸದ್ದು ಹೀಗೆ ತಗ್ಗುವುದು ಬರೀ ಕಿರಿಕಿರಿಯಲ್ಲ. ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವನ್ನು ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿದರು. ಅದರ ಜೊತೆ ಬರುವ ಇ-ಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ದೃಷ್ಟಿಯಿಲ್ಲದವರ ಪಾಲಿಗೆ ಸದ್ದು ಕುಗ್ಗುವುದೆಂದರೆ ಪರದೆ ಮಂಕಾದಂತೆ. ಎನ್‌ವಿಡಿಎ ಮಾತಾಡುವಾಗ ಬೇರೆ ಸದ್ದನ್ನು ತಾನೇ ತಗ್ಗಿಸುವ ಸೌಲಭ್ಯ ವಿಂಡೋಸ್ 8 ಮತ್ತು ಆಮೇಲಿನವುಗಳಲ್ಲಿದೆ. ಎನ್‌ವಿಡಿಎ ಕೀಲಿಯ ಜೊತೆ ಶಿಫ್ಟ್ ಮತ್ತು ಡಿ ಒತ್ತಿದರೆ ಅದರ ಮೂರು ಸ್ಥಿತಿಗಳು ಬದಲಾಗುತ್ತವೆ. ಮೂರನೆಯದು ಸದಾ ತಗ್ಗಿಸುವಂಥದ್ದು. ಅದು ಅರಿವಿಲ್ಲದೆ ಆನ್ ಆಗಿದ್ದರೆ ಯೂಟ್ಯೂಬ್ ಯಕ್ಷಗಾನ ಎಷ್ಟು ಏರಿಸಿದರೂ ಏರುವುದಿಲ್ಲ.

ತಯಾರಕರ ಡ್ರೈವರ್ ತೆಗೆದು ಮೈಕ್ರೊಸಾಫ್ಟ್‌ನ ಸಾಮಾನ್ಯ ಹೈ ಡೆಫಿನಿಷನ್ ಡ್ರೈವರ್ ಹಾಕಿದಾಗ ಲ್ಯಾಪ್‌ಟಾಪಿನ ಸದ್ದು ಬಡವಾಗುವುದುಂಟು. ಪುಟ್ಟ ಸ್ಪೀಕರಿನಿಂದ ದಪ್ಪ ದನಿ ತೆಗೆಯುವ ಹೊಂದಾಣಿಕೆಗಳು ತಯಾರಕರ ಡ್ರೈವರಿನೊಳಗೇ ಇರುತ್ತವೆ, ಅದು ಹೋದರೆ ಅವೂ ಹೋದವು. ಎನ್‌ಹಾನ್ಸ್‌ಮೆಂಟ್ಸ್ ಪುಟದ ಲೌಡ್‌ನೆಸ್ ಈಕ್ವಲೈಸೇಶನ್ ತಗ್ಗಿದ ಭಾಗವನ್ನು ಎತ್ತಿ, ಜೋರಾದುದನ್ನು ಒತ್ತುತ್ತದೆ. ಮಾತಿಗೆ ಒಳ್ಳೆಯದು, ಸಂಗೀತಕ್ಕೆ ಅನ್ಯಾಯ.

ಜ್ಯಾಕು, ತಂತಿ, ಕ್ಯಾಬಿನೆಟ್ಟು

ಹಾಡಿನ ವಾದ್ಯಗಳು ಕೇಳಿಸುತ್ತವೆ, ಗಾಯಕನ ದನಿ ಮಾತ್ರ ಬಾವಿಯೊಳಗಿಂದ ಬಂದಂತಿದೆ ಎಂದರೆ ಯಾವ ಮಿಕ್ಸರನ್ನೂ ಮುಟ್ಟಬೇಡಿ. ಜ್ಯಾಕಿನ ಅರ್ತಿಂಗ್ ತಂತಿ ಸಂಪರ್ಕ ಕಳೆದುಕೊಂಡಿದೆ. ಆಗ ಎಡ ಬಲಗಳ ವ್ಯತ್ಯಾಸವಷ್ಟೇ ಕಿವಿಗೆ ಬರುತ್ತದೆ. ಎರಡರಲ್ಲೂ ಸಮನಾಗಿರುವ ಮಾತು ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಜ್ಯಾಕ್ ಪೂರ್ತಿ ಒಳಹೋಗದಿದ್ದರೆ ಹೀಗಾಗುತ್ತದೆ. ಮೈಕಿರುವ ಇಯರ್‌ಫೋನಿನ ಜ್ಯಾಕಿನ ನಾಲ್ಕು ಸಂಪರ್ಕಗಳಲ್ಲಿ ಮೈಕ್ ಮತ್ತು ಅರ್ತಿಂಗ್ ಜಾಗ ಬದಲಾದ ಎರಡು ಪದ್ಧತಿಗಳಿರುವುದರಿಂದಲೂ ಆಗುತ್ತದೆ. ಇಯರ್‌ಫೋನಿನ ಗುಂಡಿಯನ್ನು ಒತ್ತಿ ಹಿಡಿದಾಗ ಗಾಯಕ ಮರಳಿ ಬಂದರೆ ಕಾರಣ ಈ ಎರಡನೆಯದೇ, ಏಕೆಂದರೆ ಆ ಗುಂಡಿ ಮೈಕ್ ತಂತಿಯನ್ನು ಅರ್ತಿಂಗ್‌ಗೆ ಕೂಡಿಸುತ್ತದೆ. ಸಿನಿಮಾ ನೋಡುವಾಗ ಮಾತ್ರ ಸಂಭಾಷಣೆ ಕುಗ್ಗಿ, ಸಂಗೀತ ಅಬ್ಬರಿಸಿದರೆ ತಪ್ಪು ಬೇರೆಡೆ ಇದೆ: 5.1 ಧ್ವನಿಯಲ್ಲಿ ಮಾತು ನಡುವಿನ ಚಾನೆಲ್‌ನಲ್ಲಿರುತ್ತದೆ. ಎರಡೇ ಸ್ಪೀಕರಿನ ಯಂತ್ರಕ್ಕೆ ಆರಿವೆ ಎಂದು ಡ್ರೈವರ್ ನಂಬಿದ್ದರೆ ಆ ಚಾನೆಲ್ ಎಲ್ಲಿಗೂ ಹೋಗುವುದಿಲ್ಲ.

ಕ್ಯಾಬಿನೆಟ್ಟಿನ ಮುಂದಿನ ಜ್ಯಾಕು ಇನ್ನೊಂದು ಹಳೆಯ ತಂಟೆ. ಒಂದೇ ಆಕಾರದ ಪಿನ್ನುಗಳ ಸಾಲಿಗೆ ಎಸಿ97 ತಂತಿಯೂ ಹೊಂದುತ್ತದೆ, ಹೈ ಡೆಫಿನಿಷನ್ ತಂತಿಯೂ ಹೊಂದುತ್ತದೆ. ಜ್ಯಾಕ್ ಸೇರಿದ್ದನ್ನು ಗುರುತಿಸುವ ಏರ್ಪಾಡು ಹಳೆಯದರಲ್ಲಿಲ್ಲ, ಹಾಗಾಗಿ ಹೊಸ ಡ್ರೈವರ್ ಮುಂದಿನ ಜ್ಯಾಕಿಗೆ ಸದ್ದು ಕಳಿಸುವುದೇ ಇಲ್ಲ. ಮುಂಬದಿ ಜ್ಯಾಕ್ ಗುರುತಿಸುವಿಕೆಯನ್ನು ಆಫ್ ಮಾಡುವ ಆಯ್ಕೆ ರಿಯಲ್‌ಟೆಕ್ ಚಿಪ್ಪುಗಳ ಜೊತೆ ಬರುವ ಮ್ಯಾನೇಜರ್ ತಂತ್ರಾಂಶದಲ್ಲಿ ಇರುವುದು ಇದಕ್ಕಾಗಿಯೇ. ಹಿಂಬದಿಯ ಹಸಿರು ಜ್ಯಾಕಿನಲ್ಲಿ ಹೆಡ್‌ಫೋನ್ ಆಂಪ್ಲಿಫೈಯರ್ ಆನ್ ಆಗದೆ ಬರೀ ಲೈನ್ ಔಟ್ ಆಗಿ ಉಳಿದರೂ, 250 ಓಮ್‌ನಂಥ ಹೆಚ್ಚು ರೋಧದ ಸ್ಟುಡಿಯೋ ಹೆಡ್‌ಫೋನನ್ನು ನೇರ ಸಿಕ್ಕಿಸಿದರೂ ಸದ್ದು ಸೊರಗುತ್ತದೆ. ಮುಂಬಯಿಯ ಮಳೆಗಾಲದ ತೇವ ಜ್ಯಾಕಿನ ಲೋಹಕ್ಕೆ, ಫೋನು ಲ್ಯಾಪ್‌ಟಾಪುಗಳ ಜಾಲರಿಗೆ ಕೂತ ಧೂಳು ಸ್ಪೀಕರಿಗೆ ಒಳ್ಳೆಯದಲ್ಲವೆಂಬುದನ್ನು ಬೇರೆ ಹೇಳಬೇಕಿಲ್ಲ.

ಪವಾಯಿ: ಮೈಕಿನ ಕಡೆಯಿಂದ

 ಮುಲುಂಡಿನಿಂದ ಪವಾಯಿಯ ಐಐಟಿ ಹತ್ತಿರ. ಆ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಕಣ್ಣನ್ ಮೌದ್ಗಲ್ಯ ಅವರ ಮುಂದಾಳತ್ವದಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ ಬೆಳೆದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳನ್ನು ಸುಮಾರು ಹತ್ತು ನಿಮಿಷದ ಪಾಠಗಳಲ್ಲಿ ಕಲಿಸುತ್ತದೆ. ಇಂಗ್ಲಿಷಿನಲ್ಲಿ ತಯಾರಾದ ಪಾಠಕ್ಕೆ ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳ ದನಿ ಕೂಡಿಸುತ್ತಾರೆ. ಕಲಿಯುವವನು ವಿಡಿಯೋ ಒಂದು ಬದಿ, ತಂತ್ರಾಂಶ ಇನ್ನೊಂದು ಬದಿ ಇಟ್ಟುಕೊಂಡು ಕೇಳುತ್ತ ಮಾಡುತ್ತ ಹೋಗಬೇಕು. ಇಡೀ ಲ್ಯಾಬಿನ ಪಾಠ ಹೆಡ್‌ಫೋನನ್ನು ನಂಬಿ ನಿಂತಿದೆ.

ಇಂಥ ಕೆಲಸದಲ್ಲಿ ಸದ್ದು ಕುಗ್ಗಿದರೆ ತಪ್ಪು ಕೇಳುವವನ ಯಂತ್ರದ್ದೇ ಆಗಬೇಕಿಲ್ಲ, ದನಿ ಕೊಟ್ಟವರ ಮೈಕಿನದೂ ಆಗಬಹುದು. ಮೈಕಿನಿಂದ ಬರುವ ವಿದ್ಯುತ್ ಅಲೆ ತೀರ ಚಿಕ್ಕದು. ಅದಕ್ಕೆಂದೇ ಎಸಿ97 ಚಿಪ್ಪಿನಲ್ಲಿ 20 ಡೆಸಿಬೆಲ್ ಏರಿಸುವ ಮೈಕ್ ಬೂಸ್ಟ್ ಇತ್ತು. ಈಗಿನ ಡ್ರೈವರುಗಳಲ್ಲಿ 10, 20, 30ರ ಮೆಟ್ಟಿಲುಗಳಿವೆ. ಬೂಸ್ಟ್ ಇಲ್ಲದೆ ಮುದ್ರಿಸಿ ಆಮೇಲೆ ಆಡಾಸಿಟಿಯಂಥ ಧ್ವನಿ ಸಂಪಾದನೆ ತಂತ್ರಾಂಶದಲ್ಲಿ ಏರಿಸಿದರೆ ಮಾತಿನ ಜೊತೆ ಚಿಪ್ಪಿನ ಗುಸುಗುಸು ಗದ್ದಲವೂ ಏರುತ್ತದೆ. ಪೂರ್ತಿ ಬೂಸ್ಟ್ ಕೊಟ್ಟರೆ ಒತ್ತಿ ನುಡಿದ ಅಕ್ಷರಗಳಲ್ಲಿ ದನಿ ಒಡೆಯುತ್ತದೆ. ಮೀಟರಿನ ಮುಳ್ಳು ಮಾತಿನ ಏರುಗಳಲ್ಲಿ ಋಣ 12ರಿಂದ ಋಣ 6 ಡೆಸಿಬೆಲ್ ನಡುವೆ ಆಡುವಂತೆ ಇಟ್ಟುಕೊಳ್ಳುವುದು ಸುರಕ್ಷಿತ.

ಮೊಬೈಲಿನಲ್ಲಿ ಹಿಂದಿನ ಸಾಲಿನಿಂದ ಮುದ್ರಿಸಿ ಯೂಟ್ಯೂಬಿಗೆ ಏರಿಸಿದ ನಾಟಕ, ತಾಳಮದ್ದಳೆಗಳಿಗೆ ಮದ್ದು ಕಡಿಮೆ. ಯೂಟ್ಯೂಬ್ ಜೋರಾದ ವಿಡಿಯೋಗಳನ್ನು ತನ್ನ ಮಟ್ಟಕ್ಕೆ ಇಳಿಸುತ್ತದೆಯೇ ಹೊರತು ಕುಗ್ಗಿದ್ದನ್ನು ಎತ್ತುವುದಿಲ್ಲ. ಫೈಲು ಇಳಿಸಿಕೊಂಡು ವಿಎಲ್‌ಸಿಯಲ್ಲಿ ಕಂಪ್ರೆಸರ್ ಹಾಕಿ ಕೇಳುವುದು ಉಳಿದ ದಾರಿ.

ಚಿಪ್ಪಿನಾಚೆಯ ಆಂಪ್ಲಿಫೈಯರ್

ಎಲ್ಲ ಕಂಬಗಳೂ ನೆತ್ತಿಯಲ್ಲಿವೆ, ಜ್ಯಾಕ್ ಸರಿಯಿದೆ, ಹೆಡ್‌ಫೋನಿನಲ್ಲಿ ಚೆನ್ನಾಗಿದೆ, ಲ್ಯಾಪ್‌ಟಾಪಿನ ಸ್ಪೀಕರ್ ಮಾತ್ರ ಪಿಸುಗುಡುತ್ತಿದೆ ಎಂದರೆ ಆಂಪ್ಲಿಫೈಯರಿನತ್ತ ತಿರುಗಬೇಕು. ಹೊರಗಿನ ಆಂಪ್ಲಿಫೈಯರನ್ನು ಆನ್ ಆಫ್ ಮಾಡುವ ಒಂದು ಬಿಟ್ ಎಸಿ97 ಕಾಲದಿಂದಲೂ ಇದೆ. ಡ್ರೈವರ್ ಅದನ್ನು ತಪ್ಪು ತಿಳಿದರೆ ಮಿಕ್ಸರಿನಲ್ಲಿ ಹೆಚ್ಚಾಗಿ ಅದರ ಸುಳಿವೇ ಇರುವುದಿಲ್ಲ. ಮದರ್‌ಬೋರ್ಡಿನ ಯಾವ ಪಿನ್ ಯಾವ ಸ್ಪೀಕರಿಗೆ ಎಂದು ಬಯಾಸ್ ತಪ್ಪಾಗಿ ಬರೆದಿದ್ದರೆ ನಾಲ್ಕು ಸ್ಪೀಕರುಗಳಲ್ಲಿ ಚಿಕ್ಕವೆರಡು ಮಾತ್ರ ನುಡಿಯುತ್ತವೆ. ಲಿನಕ್ಸ್‌ನ ಡ್ರೈವರಿನೊಳಗೆ ಇಂಥ ಒಂದೊಂದು ಮಾದರಿಗೂ ಒಂದೊಂದು ತಿದ್ದುಪಡಿಯ ಉದ್ದನೆಯ ಪಟ್ಟಿಯಿದೆ, ಅದು ಬೆಳೆಯುತ್ತಲೇ ಇದೆ.

ಈಚಿನ ಲ್ಯಾಪ್‌ಟಾಪುಗಳಲ್ಲಿ ಸಿರಸ್ ಲಾಜಿಕ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಗಳ ಸ್ಮಾರ್ಟ್ ಆಂಪ್ಲಿಫೈಯರುಗಳು ಬಂದಿವೆ. ಸ್ಪೀಕರಿನ ಬಿಸಿ, ಅಲುಗಾಟಗಳನ್ನು ಅಳೆಯುತ್ತ, ಸುಟ್ಟುಹೋಗದಷ್ಟಕ್ಕೆ ಅದನ್ನು ದುಡಿಸುವುದು ಅವುಗಳ ಕೆಲಸ. ಆ ಮಾದರಿಗೆಂದೇ ಬರೆದ ಫರ್ಮ್‌ವೇರ್ ಸಿಗದಿದ್ದರೆ ಅವು ಎಚ್ಚರಿಕೆಯ ಕೆಳಮಟ್ಟದಲ್ಲೇ ನುಡಿಯುತ್ತವೆ, ಇಲ್ಲವೇ ನುಡಿಯುವುದೇ ಇಲ್ಲ. ಲಿನಕ್ಸ್‌ನಲ್ಲಿ ಇದಕ್ಕೆ ಹೊಸ ಕರ್ನಲ್ ಮತ್ತು ಫರ್ಮ್‌ವೇರ್ ಕಟ್ಟು ಹಾಕುವುದೇ ಪರಿಹಾರ. ಯಾವ ಸ್ಲೈಡರೂ ಇಲ್ಲಿ ಉಪಯೋಗಕ್ಕೆ ಬಾರದು.

ತಪ್ಪು ಚಿಪ್ಪಿನದೋ ತಂತ್ರಾಂಶದ್ದೋ ಎಂದು ತೀರ್ಮಾನವಾಗದಿದ್ದಾಗ ರಿಪೇರಿಯವರು ಒಂದು ಯುಎಸ್‌ಬಿ ಸೌಂಡ್ ಕಾರ್ಡನ್ನು ಸಿಕ್ಕಿಸಿ ನೋಡುತ್ತಾರೆ. ಅದರೊಳಗೆ ಅದರದೇ ಪರಿವರ್ತಕ, ಅದರದೇ ಆಂಪ್ಲಿಫೈಯರ್ ಇರುತ್ತವೆ. ಸಾಮಾನ್ಯ ಯುಎಸ್‌ಬಿ ಆಡಿಯೋ ಮಾನದಂಡ ಪಾಲಿಸುವುದಾದರೆ ಬೇರೆ ಡ್ರೈವರೂ ಬೇಡ. ಅದರಲ್ಲಿ ಸದ್ದು ಗಟ್ಟಿಯಾಗಿ ಬಂದರೆ ಸಮಸ್ಯೆ ಮದರ್‌ಬೋರ್ಡಿನ ಚಿಪ್ಪು, ಅದರ ಡ್ರೈವರ್, ಜ್ಯಾಕ್ ಇಷ್ಟರೊಳಗೆ. ಅಲ್ಲೂ ಕುಗ್ಗಿಯೇ ಬಂದರೆ ಮೇಲಿನ ಪದರಗಳಲ್ಲಿ, ಇಲ್ಲವೇ ಆ ಹೆಡ್‌ಫೋನಿನಲ್ಲೇ. ಹೊಸ ಕಾರ್ಡಿನ ಮಿಕ್ಸರ್ ಬೇರೆಯಾಗಿರುವುದರಿಂದ ಅದರ ಮಟ್ಟವನ್ನು ಮೊದಲು ಶೂನ್ಯ ಡೆಸಿಬೆಲ್‌ಗೆ ತಂದುಕೊಂಡೇ ಹೋಲಿಸಬೇಕು.